ನೈಟ್ರೈಡ್ ಪುಡಿ: ಉರಿಗೆ ಲಗಾಮು ಹಾಕೋದು ಹೇಗೆ?

ಆಕ್ಸಿಜನ್ ಇಲ್ಲದೆ ಉರಿಯೋದು ಹೇಗೆ ಸಾರ್ ಅಂತ ಲ್ಯಾಬಿಗೆ ಬರುವ ಹೊಸಬರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಒತ್ತಡ ತಡೆಯುವ ಪಾತ್ರೆಯಲ್ಲಿ ಸಿಲಿಕಾನ್ ಪುಡಿ ಹರಡಿ, ನೈಟ್ರೋಜನ್ ತುಂಬಿ, ಒಂದು ತುದಿಯನ್ನು ಕಾದ ತಂತಿಯಿಂದ ಹೊತ್ತಿಸುತ್ತೇವೆ. ಸಿಲಿಕಾನ್ ನೈಟ್ರೋಜನ್ ಜೊತೆ ಸೇರಿ ಸಿಲಿಕಾನ್ ನೈಟ್ರೈಡ್ ಆಗುವಾಗ ಭಾರೀ ಶಾಖ ಬಿಡುತ್ತದೆ. ಆ ಶಾಖಕ್ಕೆ ಪಕ್ಕದ ಪದರ ಹೊತ್ತಿಕೊಳ್ಳುತ್ತದೆ. ಹೀಗೆ ಕೆಂಪಗೆ ಹೊಳೆಯುವ ಗೆರೆಯೊಂದು ಪುಡಿಯುದ್ದಕ್ಕೂ ಸಾಗುತ್ತದೆ. ಕುಲುಮೆಯಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ. 1967ರಲ್ಲಿ ಸೋವಿಯತ್ ಒಕ್ಕೂಟದ ಚೆರ್ನೊಗೊಲೋವ್ಕಾದಲ್ಲಿ ವಿಜ್ಞಾನಿ ಮೆರ್ಜಾನೋವ್ ಮತ್ತು ಸಂಗಡಿಗರು ಈ ಬಗೆಯ ದಹನಕ್ಕೆ ದಾರಿ ಮಾಡಿದರು.

ತೊಡಕು ಇರೋದು ಆ ಪುಕ್ಕಟೆ ಶಾಖದಲ್ಲೇ. ಸಿಲಿಕಾನ್ 1,414 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಉರಿಯ ಶಾಖ ಅದನ್ನು ಸಲೀಸಾಗಿ ದಾಟುತ್ತದೆ. ಕರಗಿದ ಸಿಲಿಕಾನ್ ಸಂದುಗಳನ್ನು ಮುಚ್ಚಿಬಿಟ್ಟರೆ ನೈಟ್ರೋಜನ್ ಒಳಗೆ ಹೋಗೋದೆಲ್ಲಿಂದ? ತಣಿದ ಗಟ್ಟಿಯನ್ನು ಒಡೆದು ನೋಡಿ. ಹೊರಗೆ ಬೆಳ್ಳಗಿದ್ದರೂ ನಡುವೆ ಬೂದು ಬಣ್ಣದ ತಿರುಳು ಸಿಕ್ಕಿದರೆ ಅದು ಉಳಿದುಹೋದ ಸಿಲಿಕಾನ್. ಪೂರ್ತಿ ನೈಟ್ರೈಡ್ ಆಗಿದ್ದ ಕಡೆಯೂ ಶಾಖ ಜಾಸ್ತಿಯಾದರೆ ಕಣಗಳು ಒಂದಕ್ಕೊಂದು ಅಂಟಿ ಬೆಳೆಯುತ್ತವೆ, ನಮಗೆ ಬೇಕಾದ ಆಲ್ಫಾ ಅನ್ನೋ ಹರಳು ರೂಪ ಬೀಟಾ ಅನ್ನೋ ಇನ್ನೊಂದು ರೂಪಕ್ಕೆ ತಿರುಗುತ್ತದೆ. ನಮಗೆ ಬೇಕಿದ್ದ ನ್ಯಾನೊ, ಅಂದರೆ ಅತಿ ಸಣ್ಣ ಕಣಗಳ, ಪುಡಿಯ ಮಾತು ಅಲ್ಲಿಗೆ ಮುಗಿಯಿತು.

ಅದಕ್ಕೇ ಉರಿಯನ್ನು ತಗ್ಗಿಸುವ ಪುಡಿಗಳನ್ನು ಬೆರೆಸುತ್ತೇವೆ. ಮೊದಲೇ ತಯಾರಾದ ಸಿಲಿಕಾನ್ ನೈಟ್ರೈಡನ್ನೇ ಬೆರೆಸೋದು ಹಳೆಯ ಪದ್ಧತಿ. ಅಮೋನಿಯಂ ಕ್ಲೋರೈಡ್ ಶಾಖ ಹೀರಿ ಅನಿಲವಾಗುತ್ತದೆ, ಪುಡಿ ಸಡಿಲವಾಗಿ ಉಳಿಯುತ್ತದೆ. ಆದರೆ ಅದರಿಂದ ಹೊರಬರುವ ಹೈಡ್ರೋಜನ್ ಕ್ಲೋರೈಡ್ ಪಾತ್ರೆಯನ್ನು ತಿನ್ನುತ್ತದೆ. ನನಗೆ ಇಷ್ಟವಾದದ್ದು ಸಾದಾ ಉಪ್ಪು. 801 ಡಿಗ್ರಿಗೆ ಕರಗುತ್ತದೆ, ಕರಗುವಾಗ ಶಾಖ ಹೀರುತ್ತದೆ, ಕಣಗಳ ನಡುವೆ ನಿಂತು ಅವು ಅಂಟದ ಹಾಗೆ ತಡೆಯುತ್ತದೆ. ಆಮೇಲೆ ನೀರಲ್ಲಿ ತೊಳೆದರೆ ಆಯ್ತು. ಕೈ ಮೀರಿ ಹಾಕಿದರೆ ಮಾತ್ರ ಉರಿ ಅರ್ಧದಲ್ಲೇ ನಂದುತ್ತದೆ. ಅಲ್ಯೂಮಿನಿಯಂ ನೈಟ್ರೈಡ್‌ಗೆ ಈ ಉಪಾಯ ನಡೆಯಲ್ಲ. ತೊಳೆಯೋಕೆ ಹೋದರೆ ಅದು ನೀರಿನ ಜೊತೆ ಸೇರಿ ಹೈಡ್ರಾಕ್ಸೈಡ್ ಆಗುತ್ತದೆ, ಅಮೋನಿಯಾ ವಾಸನೆ ಮೂಗಿಗೆ ಹೊಡೆಯುತ್ತದೆ.

ಇನ್ನು ಅಳತೆಯ ಮಾತು. ಪುಡಿಗೆ ಎಕ್ಸ್‌ರೇ ಹಾಯಿಸಿದಾಗ ಸಿಗುವ ಗೆರೆಯ ಅಗಲ ನೋಡಿ 40 ನ್ಯಾನೊಮೀಟರ್ ಅಂತ ಸುಮ್ನೆ ಬರೆದುಬಿಡುವವರಿದ್ದಾರೆ. ಆ ಸಂಖ್ಯೆ ಹೇಳೋದು ಹರಳಿನ ಗಾತ್ರವನ್ನು, ಕಣದ ಗಾತ್ರವನ್ನಲ್ಲ. ನೂರಾರು ಹರಳು ಸೇರಿ ಒಂದೇ ದಪ್ಪ ಕಣ ಆಗಿರಬಹುದು, ಅಲ್ವಾ? ಪುಡಿಯ ಮೇಲ್ಮೈ ವಿಸ್ತೀರ್ಣವನ್ನೂ ಅಳೆಯಿರಿ. ಸಿಲಿಕಾನ್ ನೈಟ್ರೈಡ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 3.2 ಗ್ರಾಂ. ಕಣಗಳನ್ನು ಗುಂಡಗಿವೆ ಅಂದುಕೊಂಡರೆ, 100 ನ್ಯಾನೊಮೀಟರ್ ಕಣಕ್ಕೆ ಗ್ರಾಮಿಗೆ ಸುಮಾರು 19 ಚದರ ಮೀಟರ್ ಬರಬೇಕು. 10 ಬಂದರೆ ಕಣ ಹತ್ತಿರ ಹತ್ತಿರ 190 ನ್ಯಾನೊಮೀಟರ್. ಆಗ ನಾನು ಮುಂದಿನ ಸಲ ಮೊದಲು ಉಪ್ಪು ಹೆಚ್ಚಿಸುತ್ತೇನೆ. ಅದಕ್ಕೂ ಬಗ್ಗದಿದ್ದರೆ ಮೂಲ ಸಿಲಿಕಾನ್ ಪುಡಿಯನ್ನೇ ಇನ್ನಷ್ಟು ನುಣ್ಣಗೆ ಅರೆಸುತ್ತೇನೆ.