ಬಲಗಡೆಯ ಕಿಟಕಿ: ಫಾಸ್ಟ್ ಸ್ಕ್ಯಾನ್ ಕಲಿಯುವವರಿಗೆ ಟಿಪ್ಪಣಿ

ಹೊಟ್ಟೆಗೆ ಪೆಟ್ಟಾಗಿ ಬಂದವರಲ್ಲಿ ಒಳಗೆ ರಕ್ತ ನಿಂತಿದೆಯೇ ಎಂದು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಫಾಸ್ಟ್ ಸ್ಕ್ಯಾನ್‌ಗೆ ನಾಲ್ಕು ಕಿಟಕಿಗಳು, ಅಂದರೆ ಪ್ರೋಬ್ ಇಟ್ಟು ನೋಡುವ ಜಾಗಗಳು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಓದುತ್ತಿರುವ ಎಂಬಿಬಿಎಸ್ ಗೆಳೆಯರು ಲಿವರ್ ಮತ್ತು ಬಲ ಕಿಡ್ನಿ ನಡುವಿನ ಮಾರಿಸನ್ ಪೌಚ್‌ನಿಂದ ಶುರು ಮಾಡುವುದು ಒಳ್ಳೆಯದು. ಲಿವರ್ ಮೂಲಕ ತರಂಗ ಸಲೀಸಾಗಿ ಸಾಗುವುದರಿಂದ ಹೊಸಬರಿಗೂ ಚಿತ್ರ ಬೇಗ ಸಿಗುತ್ತದೆ.

ಸಹಪಾಠಿಯ ಒಪ್ಪಿಗೆ ಪಡೆದು ಅಂಗಾತ ಮಲಗಿಸಿ. 2–5 ಮೆಗಾಹರ್ಟ್ಸ್ ಕರ್ವ್ಡ್ ಪ್ರೋಬ್, ಡೆಪ್ತ್ (ಚಿತ್ರದಲ್ಲಿ ಕಾಣುವ ಆಳ) ಸುಮಾರು 15 ಸೆಂ.ಮೀ. ಪ್ರೋಬ್ ಮೇಲಿನ ಗುರುತಾದ ಮಾರ್ಕರ್ ಅನ್ನು ತಲೆಯ ಕಡೆಗಿಟ್ಟು, ಕಂಕುಳ ಮಧ್ಯರೇಖೆಯಲ್ಲಿ 8ರಿಂದ 11ನೇ ಪಕ್ಕೆಲುಬುಗಳ ನಡುವೆ ಪ್ರೋಬ್ ಊರಿ. ಕಿರುಬೆರಳು ಮೈಗೆ ಆನಿಕೊಂಡಿರಲಿ, ಇಲ್ಲದಿದ್ದರೆ ಪ್ರೋಬ್ ಜೆಲ್ ಮೇಲೆ ಜಾರುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಜೆಲ್ ಬೇಗ ಒಣಗುತ್ತದೆ. ಚಿತ್ರ ಮಂಕಾದರೆ ಗೇನ್ (ಚಿತ್ರದ ಹೊಳಪು) ಮುಟ್ಟುವ ಮೊದಲು ಜೆಲ್ ಹಾಕಿ ನೋಡಿ.

ಹೆಚ್ಚಿನವರ ಚಿತ್ರ ಕೈತಪ್ಪುವುದು ಪ್ರೋಬನ್ನು ಒಟ್ಟಿಗೇ ಸರಿಸಿ, ವಾಲಿಸಿ, ತಿರುಗಿಸುವುದರಿಂದ. ಒಂದು ಸಲಕ್ಕೆ ಒಂದೇ ಚಲನೆ, ಅದೂ ಬಾಯಲ್ಲಿ ಹೇಳಿ ಮಾಡಬೇಕು. ಕಲಿಸುವವರು ಇಲ್ಲಿ ಕಟ್ಟುನಿಟ್ಟಾಗಿರಲಿ. ಪ್ರೋಬ್ ಕಸಿದುಕೊಂಡು ತಾವೇ ತೋರಿಸಿದರೆ ವಿದ್ಯಾರ್ಥಿಯ ಕೈ ಏನೂ ಕಲಿಯುವುದಿಲ್ಲ. ಪಕ್ಕೆಲುಬಿನ ಕಪ್ಪು ನೆರಳು ಅಡ್ಡ ಬಂದರೆ ಮಾರ್ಕರ್ ತುದಿಯನ್ನು ತುಸು ಬೆನ್ನಿನ ಕಡೆ ತಿರುಗಿಸಿ, ಪ್ರೋಬ್ ಎಲುಬುಗಳ ಸಂದಿಗೆ ಹೊಂದಿಕೊಳ್ಳುತ್ತದೆ. ಉಸಿರು ಎಳೆದು ಹಿಡಿಯಲು ಹೇಳಿದರೆ ಲಿವರ್ ಕೆಳಗಿಳಿಯುತ್ತದೆ.

ಕಿಡ್ನಿ ಕಂಡ ಕೂಡಲೇ ನಿಲ್ಲಿಸಬೇಡಿ. ಲಿವರ್‌ನ ಕೆಳತುದಿ ಕಾಣುವ ತನಕ ಒಂದು ಸಂದಿ ಕೆಳಗೆ ಸರಿಸಿ. ಸ್ವಲ್ಪವೇ ರಕ್ತವಿದ್ದಾಗ ಮೊದಲು ಅಲ್ಲೇ ಕಾಣುವುದುಂಟು. ನಂತರ ಕಿಡ್ನಿಯ ಮುಂದಿನಿಂದ ಹಿಂದಿನವರೆಗೆ ನಿಧಾನವಾಗಿ ವಾಲಿಸಿ. ಹೊರಗೆ ಚೆಲ್ಲಿದ ದ್ರವದ ಅಂಚು ಚೂಪಾಗಿರುತ್ತದೆ. ಪಿತ್ತಕೋಶ, ರಕ್ತನಾಳದೊಳಗಿನದು ದುಂಡಗೆ. ಕಿಡ್ನಿ ಸುತ್ತಲಿನ ಕೊಬ್ಬು ದ್ರವದಂತೆ ಕಂಡು ಮೋಸ ಮಾಡಬಹುದು, ಎಡಗಡೆಗೆ ಹೋಲಿಸಿ ನೋಡಿ. ಹೆಪ್ಪುಗಟ್ಟಿದ ರಕ್ತ ಕಪ್ಪಗಿರದೆ ಲಿವರ್‌ನಂತೆಯೇ ಬೂದುಬಣ್ಣದಲ್ಲಿ ಕಾಣಬಹುದು. ರಕ್ತ ನಿಧಾನವಾಗಿ ಸೇರುತ್ತಾ ಹೋಗಬಹುದು, ಹಾಗಾಗಿ ಮೊದಲ ಸ್ಕ್ಯಾನ್ ಚೆನ್ನಾಗಿದ್ದರೂ ಅನುಮಾನವಿದ್ದರೆ ಮತ್ತೆ ಮಾಡಬೇಕು.

ಅಭ್ಯಾಸಕ್ಕೆ ಗರ್ಭಿಣಿಯರನ್ನು ಕರೆಯಬೇಡಿ. ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಕಟ್ಟುನಿಟ್ಟಾಗಿದೆ, ಯಂತ್ರವನ್ನು ಹಾಸ್ಟೆಲ್‌ಗೆ ಒಯ್ಯುವಂತೆಯೂ ಇಲ್ಲ.

ಸಹಪಾಠಿಯ ಹೊಟ್ಟೆಯಲ್ಲಿ ದ್ರವ ಕಾಣಸಿಗದು, ಅದಕ್ಕೆ ಮಾದರಿ ಮಾಡಿಕೊಳ್ಳಿ. ಜೆಲಟಿನ್ ಬೇಡ, ರಾಯಚೂರಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಕರಗಿ ನೀರಾಗುತ್ತದೆ. 1 ಲೀಟರ್ ನೀರಿಗೆ 30 ಗ್ರಾಂ ಅಗರ್ ಮತ್ತು 2 ಚಮಚ ಇಸಬ್‌ಗೋಲು ಹಾಕಿ ಕುದಿಸಿ. ಇಸಬ್‌ಗೋಲಿನಿಂದ ಅಂಗಾಂಶದಂಥ ಬೂದು ಛಾಯೆ ಬರುತ್ತದೆ. ಅರ್ಧವನ್ನು ಪಾತ್ರೆಗೆ ಸುರಿದು ಫ್ರಿಜ್‌ನಲ್ಲಿ ಗಟ್ಟಿಯಾಗಲು ಬಿಡಿ. ನೀರು ತುಂಬಿ ಕಟ್ಟಿದ ಗ್ಲೌಸ್ ಬೆರಳನ್ನು ಮೇಲಿಟ್ಟು, ಉಳಿದದ್ದನ್ನು ಸ್ವಲ್ಪ ಆರಿಸಿ, ಆದರೆ ಹೆಪ್ಪುಗಟ್ಟುವ ಮೊದಲೇ, ಪಾತ್ರೆಯ ಅಂಚಿನಿಂದ ಮೆಲ್ಲಗೆ ಸುರಿಯಿರಿ. ಮೇಲಿನ ನೊರೆ ತೆಗೆದುಬಿಡಿ. ಗುಳ್ಳೆ ಉಳಿದರೆ ಅದರ ಹಿಂದೆ ನೆರಳು ಬಿದ್ದು ನೀರಿನ ಅಂಚೇ ಮುಚ್ಚಿಹೋಗುತ್ತದೆ.