ಹಿತ್ತಲ ಮೂಲಂಗಿ ಹೂವಿನಿಂದ ಡ್ರಾಬಾವರೆಗೆ

ಡ್ರಾಬಾ ಸಾಸಿವೆ ಕುಟುಂಬದ ಪುಟ್ಟ ಗಿಡ. ಹಿಮಾಲಯ, ಆಲ್ಪ್ಸ್, ರಾಕಿ ಬೆಟ್ಟಗಳ ಬಂಡೆ ಸಂದಿನಲ್ಲಿ ಬೆಳೆಯುತ್ತದೆ. ನಮ್ಮ ರಾಯಚೂರು ಸುಮಾರು 400 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಇಲ್ಲಿ 40 ಇದ್ದಾಗ ಡ್ರಾಬಾ ಬೆಳೆಯುವಂಥ 4,400 ಮೀಟರ್‌ನಲ್ಲಿ ಲೆಕ್ಕಕ್ಕೆ 14 ಬರುತ್ತದೆ. ಹಗಲಿನ ಮಾತಾಯಿತು, ರಾತ್ರಿ ನೀರು ಹೆಪ್ಪುಗಟ್ಟುವ ಜಾಗ ಅದು.

ಆದರೂ ಹೂವಿನ ಪಾಠಕ್ಕೆ ಬೆಟ್ಟ ಹತ್ತಬೇಕಿಲ್ಲ. ಕೀಳದೆ ಬಿಟ್ಟ ಮೂಲಂಗಿ ದಂಟೆದ್ದು ಹೂಬಿಟ್ಟಿದ್ದರೆ ಒಂದು ಹೂ ಕಿತ್ತುಕೊಳ್ಳಿ. ನಾಲ್ಕು ದಳ, ಶಿಲುಬೆಯಂತೆ ಎದುರುಬದುರು. ದಳ ಬಿಡಿಸಿದರೆ ಆರು ಕೇಸರ. ಇಲ್ಲೇ ನಾನು ಪ್ರಾಕ್ಟಿಕಲ್‌ನಲ್ಲಿ ಅಂಕ ಕಳಕೊಂಡೆ: ಎಣಿಸಿದೆ, ಅಳತೆ ನೋಡಲಿಲ್ಲ. ಒಳಗಿನ ನಾಲ್ಕು ಉದ್ದ, ಹೊರಗಿನ ಎರಡು ಗಿಡ್ಡ. ಡ್ರಾಬಾದ ಸಣ್ಣ ಹಳದಿ ಅಥವಾ ಬಿಳಿ ಹೂವಿನಲ್ಲೂ ಸಾಮಾನ್ಯವಾಗಿ ಇದೇ ಲೆಕ್ಕ.

ಕಾಯಿಗೆ ಮಾತ್ರ ಮೂಲಂಗಿಯನ್ನು ನಂಬಬೇಡಿ, ಅದು ಒಣಗಿದರೂ ಬಿರಿಯುವುದಿಲ್ಲ. ಸಾಸಿವೆ ಕಾಯಿ ನೋಡಿ: ಎರಡು ಸಿಪ್ಪೆ ಬುಡದಿಂದ ಬಿಚ್ಚಿಕೊಂಡು, ನಡುವೆ ಈರುಳ್ಳಿ ಪೊರೆಯಂಥ ಪರದೆ ಉಳಿಯುತ್ತದೆ. ಉದ್ದ ಅಗಲದ ಮೂರು ಪಟ್ಟು ಮೀರಿದರೆ ಸಿಲಿಕ್ವಾ, ಕಡಿಮೆ ಇದ್ದರೆ ಸಿಲಿಕ್ಯುಲಾ. ಡ್ರಾಬಾದ್ದು ಹೆಚ್ಚಾಗಿ ಎರಡನೆಯ ಬಗೆ, ಚಪ್ಪಟೆ.

ಹೂವಿನ ನಕ್ಷೆ ಅದೇ ಇದ್ದು ಮೈ ಮಾತ್ರ ಪೂರಾ ಬೇರೆ. ಮೂಲಂಗಿ ದಂಟು ಮೊಣಕಾಲು ದಾಟುತ್ತದೆ. ಎತ್ತರದ ಜಾಗದ ಡ್ರಾಬಾಗಳಲ್ಲಿ ಹಲವು ಒಂದು ಬೆರಳುದ್ದವೂ ಇರವು. ಎಲೆಗಳು ಒತ್ತೊತ್ತಾಗಿ ಸೇರಿ ನೆಲಕ್ಕೆ ದಿಂಬಿಟ್ಟಂತೆ ಕೂರುತ್ತವೆ. ಗಾಳಿ ಮೇಲೆ ಹಾದುಹೋಗುತ್ತದೆ, ಬಿಸಿಲಿನ ಕಾವು ಒಳಗೇ ನಿಲ್ಲುತ್ತದೆ. ಹಗಲಲ್ಲಿ ದಿಂಬಿನ ಒಳಗೆ ಹೊರಗಿನ ಗಾಳಿಗಿಂತ ಬೆಚ್ಚಗೆ. ಬೇಸಿಗೆ ಕೆಲವೇ ವಾರ. ಹಾಗಾಗಿ ಹಲವು ಪ್ರಭೇದಗಳು ಮೊಗ್ಗನ್ನು ಹಿಂದಿನ ವರ್ಷವೇ ಕಟ್ಟಿಕೊಂಡು ಹಿಮದಡಿ ಕಾಯುತ್ತವೆ.

ಡ್ರಾಬಾ ಎಂಬ ಹೆಸರಿನ ಗ್ರೀಕ್ ಮೂಲಕ್ಕೆ ಖಾರ, ಘಾಟು ಎಂಬ ಅರ್ಥ. ಸಾಸಿವೆ ಅರೆದಾಗ ಮೂಗಿಗೆ ಹತ್ತುವ ಘಾಟು ಈ ಕುಟುಂಬದ ಗುರುತು. ಅರೆದಾಗ ಗ್ಲುಕೋಸಿನೋಲೇಟ್ ಎಂಬ ರಾಸಾಯನಿಕ ಮತ್ತು ಮೈರೋಸಿನೇಸ್ ಕಿಣ್ವ ಕೂಡಿ ಅದು ಹುಟ್ಟುತ್ತದೆ. ಒಗ್ಗರಣೆಯಲ್ಲಿ ಕಿಣ್ವ ಎಣ್ಣೆಯ ಕಾವಿಗೆ ಕೆಡುತ್ತದೆ, ಅದಕ್ಕೇ ಸಿಡಿದ ಸಾಸಿವೆ ಖಾರ ಅನ್ನಿಸುವುದಿಲ್ಲ.

ಪ್ರಭೇದ ಗುರುತಿಸುವುದೇ ತಲೆನೋವು. ಸುಮಾರು 400 ಪ್ರಭೇದಗಳ ಈ ಕುಲ ಕುಟುಂಬದಲ್ಲೇ ದೊಡ್ಡದು. ಲೆನ್ಸ್ ಹಿಡಿದು ಎಲೆಯ ರೋಮ ನೋಡಬೇಕು: ಒಂಟಿಯೋ, ಕವಲೋ, ನಕ್ಷತ್ರದಂತೆಯೋ ಎಂದು. ಅಷ್ಟು ನೋಡಿದರೂ ಮೋಸ ಹೋಗಬಹುದು. ಉತ್ತರಧ್ರುವ ಪ್ರದೇಶದ ಮೂರು ಡ್ರಾಬಾ ಪ್ರಭೇದಗಳ ಬಗ್ಗೆ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಪ್ರಭೇದವೆಂದು ಎಣಿಸಿದ, ಬೇರೆ ಬೇರೆ ಜಾಗದ ಗಿಡಗಳನ್ನೇ ಪರಸ್ಪರ ಕೂಡಿಸಿದಾಗ ಹುಟ್ಟಿದ ಗಿಡಗಳಲ್ಲಿ ಬಹುಪಾಲಿಗೆ ಬೀಜ ಕಟ್ಟುವ ಶಕ್ತಿಯೇ ಕುಂದಿತ್ತು. ಅಂದರೆ ನೋಡಲು ಒಂದೇ ಆದರೂ ಒಳಗೆ ಬೇರೆ ಬೇರೆ ಪ್ರಭೇದಗಳೇ ಇರಬಹುದು.