ಈ ಸರ್ವರ್ ಯಾರದ್ದು?

ಹೊಸ ಕಂಪನಿಯ ಐಟಿ ಜವಾಬ್ದಾರಿ ವಹಿಸಿಕೊಂಡಾಗಲೆಲ್ಲ ಮೊದಲ ವಾರ ನಾನು ಒಂದೇ ಪ್ರಶ್ನೆ ಹಿಡಿದುಕೊಂಡು ಓಡಾಡುತ್ತೇನೆ. ‘ಇದು ಯಾರದ್ದು?’ ಒಂದು ಸರ್ವರ್ ತೋರಿಸಿ ಕೇಳುತ್ತೇನೆ, ಒಂದು ಸಾಫ್ಟ್‌ವೇರ್ ತೋರಿಸಿ ಕೇಳುತ್ತೇನೆ. ಫೈನಾನ್ಸ್‌ನವರು ‘ಐಟಿಯವರದ್ದು’ ಅನ್ನುತ್ತಾರೆ. ಐಟಿಯವರು ‘ನಾವು ಬರೀ ನೋಡ್ಕೊಳ್ತೀವಿ, ಬಳಸೋದು ಫೈನಾನ್ಸ್‌ನವರು’ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ತೊಂದರೆ ಇರುವುದೇ ಅಲ್ಲಿ.

ಈ ಪ್ರಶ್ನೆ ಎಷ್ಟು ಮುಖ್ಯ ಅಂತ ನನಗೆ ಅರ್ಥವಾಗಿದ್ದು ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ, ಒಂದು ರಾತ್ರಿ. ಸರಿಯಾಗಿ ಹನ್ನೆರಡು ಗಂಟೆಗೆ ಗ್ರಾಹಕರ ಆರ್ಡರ್‌ಗಳು ಬರುವುದು ನಿಂತುಹೋಯಿತು. ನೆಟ್‌ವರ್ಕ್ ತಂಡ ‘ನಮ್ಮ ಕಡೆ ಎಲ್ಲ ಸರಿಯಿದೆ’ ಅಂದಿತು. ಡೇಟಾಬೇಸ್ ತಂಡವೂ ಅದನ್ನೇ ಅಂದಿತು. ಮೂರು ಗಂಟೆ ಹುಡುಕಿದ ಮೇಲೆ ಒಬ್ಬ ಹುಡುಗ ಕಂಡುಹಿಡಿದ: ಎರಡು ಸಿಸ್ಟಮ್‌ಗಳು ಒಂದನ್ನೊಂದು ನಂಬಲು ಬಳಸುವ ಡಿಜಿಟಲ್ ಸರ್ಟಿಫಿಕೇಟ್‌ನ ಅವಧಿ ಆ ರಾತ್ರಿ ಮುಗಿದಿತ್ತು. ಮುಗಿಯುತ್ತದೆ ಅಂತ ಎಚ್ಚರಿಸುವ ಮೇಲ್‌ಗಳು ಎರಡು ತಿಂಗಳಿಂದ ಬರುತ್ತಲೇ ಇದ್ದವು. ಆದರೆ ಅವೆಲ್ಲ ಹೋಗುತ್ತಿದ್ದದ್ದು ಕೆಲಸ ಬಿಟ್ಟು ಎರಡು ವರ್ಷವಾಗಿದ್ದ ಎಂಜಿನಿಯರ್ ಒಬ್ಬರ ಮೇಲ್‌ಬಾಕ್ಸ್‌ಗೆ. ಹೊಸ ಸರ್ಟಿಫಿಕೇಟ್ ಹಾಕಲು ಇಪ್ಪತ್ತು ನಿಮಿಷ ಸಾಕಾಯಿತು. ಅದನ್ನು ಕೊಡುವ ಸಂಸ್ಥೆಯ ಲಾಗಿನ್ ಯಾರ ಹತ್ತಿರ ಇದೆ ಅಂತ ಹುಡುಕಲು ಬೆಳಗಾಯಿತು.

ಇದು ಚಿಕ್ಕ ಕಂಪನಿಗಳ ಅಶಿಸ್ತು ಅಂದುಕೊಳ್ಳಬೇಡಿ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ಖಾಸಗಿ ಮಾಹಿತಿ ಕಳುವಾಯಿತು. ಜನರ ಸಾಲದ ಚರಿತ್ರೆ ಇಟ್ಟುಕೊಳ್ಳುವುದೇ ಆ ಕಂಪನಿಯ ಕಸುಬು. ಕಳ್ಳರು ನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರ್‌ನ ಒಂದು ದೋಷದ ಮೂಲಕ. ಅದನ್ನು ಸರಿಪಡಿಸುವ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ‘ಕೂಡಲೇ ಹಾಕಿ’ ಅಂತ ಕಂಪನಿಯೊಳಗೆ 400ಕ್ಕೂ ಹೆಚ್ಚು ಜನಕ್ಕೆ ಮೇಲ್ ಕೂಡ ಹೋಗಿತ್ತು. ಆದರೆ ಆ ಸಾಫ್ಟ್‌ವೇರ್ ತಮ್ಮಲ್ಲಿ ಎಲ್ಲೆಲ್ಲಿ ಇದೆ ಎಂಬ ಪೂರ್ತಿ ಪಟ್ಟಿಯೇ ಅವರ ಬಳಿ ಇರಲಿಲ್ಲ. ಅದನ್ನು ಬಳಸುತ್ತಿದ್ದ ಪೋರ್ಟಲ್ ಬಗ್ಗೆ ಗೊತ್ತಿದ್ದ ಡೆವಲಪರ್‌ನ ಹೆಸರು ಮೇಲ್ ಪಟ್ಟಿಯಲ್ಲಿ ಇರಲಿಲ್ಲ. ನೆಟ್‌ವರ್ಕ್‌ನಲ್ಲಿ ಓಡಾಡುವ ಮಾಹಿತಿಯನ್ನು ತಪಾಸಣೆ ಮಾಡುವ ಒಂದು ಸಾಧನವೂ ಅವರಲ್ಲಿತ್ತು. ಅದರ ಸರ್ಟಿಫಿಕೇಟ್ ಮುಗಿದು ತಿಂಗಳುಗಟ್ಟಲೆ ಆಗಿತ್ತು, ಯಾರೂ ಗಮನಿಸಿರಲಿಲ್ಲ. ಜುಲೈ 29ರಂದು ಅದನ್ನು ಬದಲಾಯಿಸಿದ ತಕ್ಷಣ ಅನುಮಾನಾಸ್ಪದ ಓಡಾಟ ಕಣ್ಣಿಗೆ ಬಿತ್ತು. ಅಷ್ಟರಲ್ಲಿ ಕಳ್ಳರು ಒಳಗೆ ಸೇರಿಕೊಂಡು ಎರಡೂವರೆ ತಿಂಗಳಾಗಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

400 ಜನಕ್ಕೆ ಮೇಲ್ ಹೋದರೆ ಒಬ್ಬರಿಗೂ ಹೋಗದಂತೆಯೇ. ಪ್ರತಿಯೊಬ್ಬರೂ ‘ಇನ್ಯಾರೋ ಮಾಡ್ತಾರೆ’ ಅಂದುಕೊಳ್ಳುತ್ತಾರೆ, ಅಲ್ವಾ?

ಸರ್ಟಿಫಿಕೇಟ್ ವಿಷಯ ಮುಂದೆ ಇನ್ನೂ ಬಿಗಿಯಾಗುತ್ತಿದೆ. ವೆಬ್‌ಸೈಟ್‌ಗಳಿಗೆ ಬಳಸುವ ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2020ರಿಂದ 398 ದಿನ ಇತ್ತು. 2025ರ ಏಪ್ರಿಲ್‌ನಲ್ಲಿ, ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿದ ಸಿಎ ಬ್ರೌಸರ್ ಫೋರಮ್ ಅದನ್ನು ಹಂತಹಂತವಾಗಿ ಇಳಿಸಲು ತೀರ್ಮಾನಿಸಿತು. 2026ರ ಮಾರ್ಚ್ 15ರಿಂದ 200 ದಿನ, 2027ರಿಂದ 100 ದಿನ, 2029ರಿಂದ ಬರೀ 47 ದಿನ. ವರ್ಷಕ್ಕೊಮ್ಮೆ ಯಾರೋ ನೆನಪಿಟ್ಟುಕೊಂಡು ಮಾಡುತ್ತಿದ್ದ ಕೆಲಸ ಇನ್ನು ಒಂದೂವರೆ ತಿಂಗಳಿಗೊಮ್ಮೆ ಬರುತ್ತದೆ. ಕೈಯಲ್ಲಿ ಮಾಡುತ್ತೇವೆ ಅನ್ನುವುದು ಸಾಧ್ಯವಿಲ್ಲ, ಆಟೊಮೇಷನ್ ಬೇಕೇ ಬೇಕು. ಆ ಆಟೊಮೇಷನ್ ಕೆಟ್ಟರೆ ಫೋನ್ ಯಾರಿಗೆ ಹೋಗಬೇಕು ಅನ್ನುವುದನ್ನೂ ಅವತ್ತೇ ಬರೆದಿಡಬೇಕು.

ಈಗ ಕ್ಲೌಡ್‌ಗೆ ಬರೋಣ. 2006ರಲ್ಲಿ ಅಮೆಜಾನ್, ಸರ್ವರ್‌ಗಳನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ತನ್ನ ಇಸಿ2 ಸೇವೆ ಶುರುಮಾಡುವ ಮುಂಚೆ ಕಂಪನಿಯೊಂದು ಸರ್ವರ್ ಕೊಳ್ಳುವುದೆಂದರೆ ದೊಡ್ಡ ಕೆಲಸ. ಕೊಟೇಷನ್ ತರಿಸಬೇಕು, ಪರ್ಚೇಸ್ ಆರ್ಡರ್ ಹಾಕಬೇಕು, ಪೆಟ್ಟಿಗೆ ಬರುವವರೆಗೆ ವಾರಗಟ್ಟಲೆ ಕಾಯಬೇಕು. ಎಲ್ಲರೂ ಬೈದುಕೊಳ್ಳುತ್ತಿದ್ದ ಆ ನಿಧಾನದಲ್ಲಿ ಒಂದು ಒಳ್ಳೆಯದೂ ಇತ್ತು. ಪ್ರತಿ ಪೆಟ್ಟಿಗೆಯ ಹಿಂದೆ ಒಬ್ಬರ ಸಹಿ ಇರುತ್ತಿತ್ತು. ಈಗ ಕಾರ್ಡ್ ಇದ್ದರೆ ಹತ್ತು ನಿಮಿಷದಲ್ಲಿ ಹತ್ತು ಸರ್ವರ್. ಪರೀಕ್ಷೆಗೆ ಅಂತ ಶುರುಮಾಡಿದ್ದು ಪರೀಕ್ಷೆ ಮುಗಿದ ಮೇಲೂ ಓಡುತ್ತಿರುತ್ತದೆ. ಬಿಲ್ ತಿಂಗಳ ಕೊನೆಯಲ್ಲಿ ಒಟ್ಟಾಗಿ ಬರುತ್ತದೆ, ಸಾವಿರಾರು ಸಾಲುಗಳ ಪಟ್ಟಿಯಾಗಿ. ನಿಲ್ಲಿಸಬಹುದಾ ಅಂತ ಕೇಳಿದರೆ ಯಾರಿಗೂ ಧೈರ್ಯವಿಲ್ಲ. ಯಾಕೆಂದರೆ ಅದು ಯಾರದ್ದು ಅಂತ ಗೊತ್ತಿಲ್ಲ.

ನಮ್ಮಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿದ್ದೇನೆ. ಮಾಲೀಕರ ಹೆಸರು ಮತ್ತು ಯಾವತ್ತಿನವರೆಗೆ ಬೇಕು ಅನ್ನುವ ದಿನಾಂಕ, ಈ ಎರಡು ಟ್ಯಾಗ್ ಇಲ್ಲದೆ ಕ್ಲೌಡ್‌ನಲ್ಲಿ ಏನನ್ನೂ ತೆರೆಯಲು ಬರುವುದಿಲ್ಲ. ಮೊದಲ ತಿಂಗಳು ಡೆವಲಪರ್‌ಗಳು ಜಗಳ ಆಡಿದರು. ಎರಡನೇ ತಿಂಗಳು ಬಿಲ್ ತಂಡವಾರು ಬೇರೆಬೇರೆಯಾಗಿ ಬಂದಾಗ ತಮ್ಮ ಪಾಲಿನದ್ದನ್ನು ತಾವೇ ಮುಚ್ಚಲು ಶುರುಮಾಡಿದರು.

ಇಲಾಖೆಗಳು ತಾವೇ ಚಂದಾ ಕಟ್ಟಿ ತರಿಸಿಕೊಳ್ಳುವ ಸಾಫ್ಟ್‌ವೇರ್‌ಗಳ ಕಥೆಯೂ ಇದೇ. ಮಾರ್ಕೆಟಿಂಗ್‌ನವರು ಒಂದು, ಎಚ್‌ಆರ್‌ನವರು ಇನ್ನೊಂದು. ಆದರೆ ಇಲ್ಲಿ ನಾನು ಬೈಯುವುದಿಲ್ಲ. ನಾವು ಐಟಿಯವರು ಆರು ತಿಂಗಳು ಕಾಯಿಸಿದ್ದಕ್ಕೇ ಅವರು ಹೊರಗೆ ಹೋಗಿದ್ದು. ನಿಷೇಧ ಹಾಕಿದರೆ ಕದ್ದು ಬಳಸುತ್ತಾರೆ. ಕೇಳಿದ ಎರಡು ದಿನದಲ್ಲಿ ಹೌದು ಅಥವಾ ಇಲ್ಲ ಅಂತ ಉತ್ತರ ಕೊಟ್ಟರೆ ಕೇಳಿಕೊಂಡು ಬರುತ್ತಾರೆ. ಇದು ನಾನು ಮಾಡಿ ನೋಡಿದ್ದು.

ಎಐ ಬಂದ ಮೇಲಂತೂ ಪ್ರಶ್ನೆ ಇನ್ನೊಂದು ರೂಪ ತಾಳಿದೆ. ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್ 30ಕ್ಕೆ. ಅಲ್ಲಿಂದೀಚೆಗೆ ‘ನಮ್ಮಲ್ಲಿ ಎಐ ಯಾವಾಗ?’ ಅಂತ ಕೇಳದ ಆಡಳಿತ ಮಂಡಳಿ ನಾನು ಕಂಡಿಲ್ಲ. ಅವರಿಗೆ ನಾನು ಹೇಳುವುದು ಏರ್ ಕೆನಡಾದ ಪ್ರಕರಣ. ಅವರ ವೆಬ್‌ಸೈಟ್‌ನ ಚಾಟ್‌ಬಾಟ್, ಮನೆಯಲ್ಲಿ ಸಾವಾಗಿ ಪ್ರಯಾಣ ಮಾಡಬೇಕಾದ ಒಬ್ಬರಿಗೆ ‘ಟಿಕೆಟ್ ತೆಗೆದುಕೊಳ್ಳಿ, ರಿಯಾಯಿತಿಗೆ ಆಮೇಲೆ ಅರ್ಜಿ ಹಾಕಬಹುದು’ ಎಂಬ ಅರ್ಥದ ಉತ್ತರ ಕೊಟ್ಟಿತ್ತು. ಕಂಪನಿಯ ನಿಯಮ ಹಾಗಿರಲಿಲ್ಲ. ವಿವಾದ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಗೆ ಹೋಯಿತು. ಚಾಟ್‌ಬಾಟ್ ಒಂದು ಪ್ರತ್ಯೇಕ ಕಾನೂನು ಘಟಕ, ಅದರ ಮಾತಿಗೆ ಅದೇ ಹೊಣೆ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪರಿಹಾರ ಕೊಡಿಸಿತು. ವೆಬ್‌ಸೈಟ್‌ನಲ್ಲಿ ಇರುವ ಎಲ್ಲ ಮಾಹಿತಿಗೂ ಕಂಪನಿಯೇ ಹೊಣೆ ಅಂದಿತು.

ಹಾಗಾಗಿ ಎಐ ಕೇಳಿಕೊಂಡು ಬರುವ ಇಲಾಖೆಗೆ ನನ್ನ ಮೊದಲ ಪ್ರಶ್ನೆ ಮಾಡೆಲ್ ಯಾವುದು ಅಂತ ಅಲ್ಲ. ಅದು ತಪ್ಪು ಹೇಳಿದ ದಿನ ಗ್ರಾಹಕರ ಮುಂದೆ ನಿಲ್ಲುವವರು ಯಾರು? ಅದಕ್ಕೆ ಓದಿಸುವ ದಾಖಲೆಗಳಲ್ಲಿ ಹಳೆಯದು ಯಾವುದು, ಚಾಲ್ತಿಯದ್ದು ಯಾವುದು ಅಂತ ವಿಂಗಡಿಸುವವರು ಯಾರು? ಹೆಸರು ಬಂದರೆ ಮುಂದಿನ ಮಾತು.

ಮಾಲೀಕರಿಲ್ಲದ ಕೆಲಸ ಏನಾಗುತ್ತದೆ ಅನ್ನುವುದಕ್ಕೆ ನಾನು ಹೊಸಬರಿಗೆ ತಪ್ಪದೆ ಹೇಳುವ ಘಟನೆ, ಡೆವಲಪರ್‌ಗಳಿಗೆ ತಮ್ಮ ಕೋಡ್ ಇಟ್ಟುಕೊಳ್ಳಲು ಜಾಗ ಕೊಡುವ ಗಿಟ್‌ಲ್ಯಾಬ್ ಕಂಪನಿಯದ್ದು. 2017ರ ಜನವರಿ 31. ರಾತ್ರಿ ಹೊತ್ತಿನಲ್ಲಿ ಎಂಜಿನಿಯರ್ ಒಬ್ಬರು ಡೇಟಾಬೇಸ್‌ನ ತೊಂದರೆಯೊಂದನ್ನು ಬಿಡಿಸುತ್ತಿದ್ದರು. ಎರಡನೇ ಪ್ರತಿಯ ಸರ್ವರ್‌ನಲ್ಲಿ ಕೊಡಬೇಕಾದ ಅಳಿಸುವ ಆಜ್ಞೆಯನ್ನು ಅಸಲಿ ಸರ್ವರ್‌ನಲ್ಲಿ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು ನಾಲ್ಕೂವರೆ ಜಿಬಿ. ಸರಿ, ಬ್ಯಾಕಪ್ ತರೋಣ ಅಂತ ಹೋದರೆ ಬ್ಯಾಕಪ್ ಇರಬೇಕಾದ ಜಾಗ ಖಾಲಿ. ದಿನದಿನದ ಬ್ಯಾಕಪ್ ತೆಗೆಯುವ ಪ್ರೋಗ್ರಾಮ್‌ನ ಆವೃತ್ತಿಯೂ ಡೇಟಾಬೇಸ್‌ನ ಆವೃತ್ತಿಯೂ ಹೊಂದದೆ ಅದು ಸುಮ್ನೆ ವಿಫಲವಾಗುತ್ತಿತ್ತು. ವಿಫಲವಾಯಿತು ಅಂತ ತಿಳಿಸುವ ಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು. ಕೊನೆಗೆ ಅದೃಷ್ಟಕ್ಕೆ ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಪ್ರತಿ ಸಿಕ್ಕಿತು.

ಆ ಕಂಪನಿಯನ್ನು ನಾನು ಮೆಚ್ಚುವುದು ಮುಂದೆ ಮಾಡಿದ್ದಕ್ಕೆ. ನಡೆದದ್ದನ್ನೆಲ್ಲ ಬಿಚ್ಚಿ ಪ್ರಕಟಿಸಿದರು. ಬ್ಯಾಕಪ್ಪನ್ನು ಯಾಕೆ ಪರೀಕ್ಷೆ ಮಾಡಿರಲಿಲ್ಲ ಎಂಬ ಪ್ರಶ್ನೆಗೆ, ಅದಕ್ಕೆ ಮಾಲೀಕರೇ ಇರಲಿಲ್ಲ, ಹಾಗಾಗಿ ಪರೀಕ್ಷಿಸುವ ಹೊಣೆ ಯಾರ ಮೇಲೂ ಇರಲಿಲ್ಲ ಅಂತ ತಾವೇ ಬರೆದುಕೊಂಡರು. ತಪ್ಪು ಗುಂಡಿ ಒತ್ತಿದವರ ಮೇಲೆ ಎಲ್ಲ ಹಾಕಿ ಕೈತೊಳೆದುಕೊಳ್ಳಲಿಲ್ಲ.

ಇನ್ನು ನಾನು ಮಾಡುವ ಪಟ್ಟಿ. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ಸ್ಪ್ರೆಡ್‌ಶೀಟ್ ಸಾಕು. ಒಂದೊಂದು ಸಿಸ್ಟಮ್‌ಗೆ ಒಂದೊಂದು ಸಾಲು. ಅದು ಏನು, ಯಾರದ್ದು, ಅವರಿಲ್ಲದಾಗ ಯಾರು, ಯಾವಾಗ ನವೀಕರಿಸಬೇಕು, ನಿಂತರೆ ಏನು ನಿಲ್ಲುತ್ತದೆ. ‘ಯಾರದ್ದು’ ಎಂಬ ಕಾಲಂನಲ್ಲಿ ತಂಡದ ಹೆಸರು ಹಾಕಲು ಬಿಡುವುದಿಲ್ಲ, ಒಬ್ಬ ವ್ಯಕ್ತಿಯ ಹೆಸರೇ ಬೇಕು. ಎಚ್ಚರಿಕೆಯ ಮೇಲ್ ಮಾತ್ರ ತಂಡದ ವಿಳಾಸಕ್ಕೆ ಹೋಗಬೇಕು, ವ್ಯಕ್ತಿಯದ್ದಕ್ಕೆ ಅಲ್ಲ. ಯಾರಾದರೂ ಕೆಲಸ ಬಿಟ್ಟರೆ ಎಚ್‌ಆರ್‌ನವರು ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಳ್ಳುವ ಮುಂಚೆ ಈ ಪಟ್ಟಿಯಲ್ಲಿ ಅವರ ಹೆಸರು ಹುಡುಕುತ್ತಾರೆ. ಪಟ್ಟಿಯ ಒಂದು ಪ್ರತಿ ಕಾಗದದಲ್ಲೂ ಇರಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕೂತವು. ಅಂಥ ದಿನ ಪಟ್ಟಿ ಇರುವ ಯಂತ್ರವೇ ತೆರೆಯದಿದ್ದರೆ?

ಎಷ್ಟು ಕೇಳಿದರೂ ಕೆಲವು ಸಾಲುಗಳಲ್ಲಿ ಹೆಸರು ಖಾಲಿ ಉಳಿಯುತ್ತದೆ. ಅಂಥದ್ದನ್ನು ಅಳಿಸುವುದಿಲ್ಲ. ಎರಡು ವಾರ ಮುಂಚೆ ಎಲ್ಲರಿಗೂ ತಿಳಿಸಿ, ನೆಟ್‌ವರ್ಕ್‌ನಿಂದ ಮಾತ್ರ ಬಿಡಿಸಿಟ್ಟು ಕಾಯುತ್ತೇವೆ. ಕಸುಬಿನ ಭಾಷೆಯಲ್ಲಿ ಇದಕ್ಕೆ ಸ್ಕ್ರೀಮ್ ಟೆಸ್ಟ್ ಅನ್ನುತ್ತಾರೆ, ಅಂದರೆ ಯಾರು ಕಿರುಚಿಕೊಳ್ಳುತ್ತಾರೋ ಅವರದ್ದು ಅಂತ. ಒಂದು ತ್ರೈಮಾಸಿಕ ಪೂರ್ತಿ ಕಾಯಬೇಕು, ಒಂದು ವಾರ ಸಾಲದು. ಹೋದ ವರ್ಷ ಹೀಗೆ ಬಿಡಿಸಿಟ್ಟ ಹಳೆಯ ಸರ್ವರ್ ಒಂದರ ಬಗ್ಗೆ ಎರಡು ತಿಂಗಳು ಯಾರೂ ಕೇಳಲಿಲ್ಲ. ಮೂರನೇ ತಿಂಗಳ ಕೊನೆಯ ದಿನ, ಸಂಜೆ ಐದೂವರೆಗೆ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು. ತೆರಿಗೆಯ ತ್ರೈಮಾಸಿಕ ವರದಿ ತಯಾರಾಗುತ್ತಿಲ್ಲ, ನಾಳೆ ಕೊಡಬೇಕು ಅಂತ ಆ ಹೆಣ್ಣುಮಗಳ ದನಿ ನಡುಗುತ್ತಿತ್ತು. ‘ಹತ್ತು ನಿಮಿಷ ಕೊಡಿ ಮೇಡಂ, ವಾಪಸ್ ಜೋಡಿಸ್ತೇವೆ’ ಅಂದೆ. ಜೋಡಿಸಿದೆವು, ವರದಿ ಬಂತು. ಮರುದಿನ ಬೆಳಗ್ಗೆ ಅವರ ಮೇಜಿನ ಹತ್ತಿರ ಹೋಗಿ ಪಕ್ಕದಲ್ಲಿ ಕೂತು ಪಟ್ಟಿ ತೆರೆದೆ. ಆ ಸಾಲಿನಲ್ಲಿ ಅವರೇ ತಮ್ಮ ಹೆಸರು ಟೈಪ್ ಮಾಡಿದರು. ಆಮೇಲೆ ಸ್ವಲ್ಪ ಯೋಚಿಸಿ, ಪಕ್ಕದ ಕಾಲಂನಲ್ಲಿ ತಮ್ಮ ಸಹೋದ್ಯೋಗಿಯ ಹೆಸರನ್ನೂ ಹಾಕಿದರು.